ಗೋಬರ್ ಗುಂಡಿಯ ಬಾಯಲ್ಲಿ

ಶಿಷ್ಯ ಕೇಳಿದ: "ಗುರುಗಳೇ, ಒಬ್ಬ ಮುಳುಗುತ್ತಿರುವಾಗ ದಡದಲ್ಲಿ ನಿಂತು ಯೋಚಿಸುವವನು ಹೇಡಿಯಲ್ಲವೆ?"

ಗುರುಗಳು ಹೇಳಿದರು:

ಒಬ್ಬ ತಾಯಿಗೆ ಇಬ್ಬರು ಗಂಡುಮಕ್ಕಳು. ಮನೆಯ ಹಿಂದೆ ಗೋಬರ್ ಗ್ಯಾಸ್ ಗುಂಡಿ. ದಿನವೂ ಬೆಳಿಗ್ಗೆ ಅವಳೇ ಸಗಣಿ ಕದಡಿ, ಹಳಸಿದ ಅನ್ನ, ತರಕಾರಿ ಸಿಪ್ಪೆ ಸೇರಿಸಿ ಒಳಗೆ ಬಿಡುತ್ತಿದ್ದಳು. ಮುಚ್ಚಿದ ಗುಂಡಿಯಲ್ಲಿ, ಹೊರಗಿನ ಗಾಳಿ ಸೋಕದೆ, ಅದು ಕೊಳೆಯುತ್ತಿತ್ತು. ಮೇಲೆ ಕೂಡಿದ ಗ್ಯಾಸು ಒಲೆಗೆ ಬರುತ್ತಿತ್ತು. ಉಳಿದ ಬಗ್ಗಡ ಹೊಲಕ್ಕೆ ಹೋಗುತ್ತಿತ್ತು. ಗುಂಡಿಗೆ ಗಾಳಿ ಹೊಕ್ಕರೆ ಒಲೆ ಉರಿಯದು. ಅಷ್ಟು ಅವಳಿಗೆ ಗೊತ್ತಿತ್ತು.

ಒಂದು ದಿನ ಹಿರಿಯ ಮಗ ಛತ್ರದ ಊಟದ ಎಂಜಲನ್ನು ಬಾಳೆಲೆ ಸಮೇತ ತಂದು ಸುರಿದ. ಎಲೆ ಸಿಕ್ಕಿ ಗುಂಡಿ ಕಟ್ಟಿಕೊಂಡಿತು. ಅವನು ಮುಚ್ಚಳ ತೆಗೆದು, ಬಗ್ಗಡವನ್ನೆಲ್ಲ ಮೊಗೆದು ಹಾಕಿ, ಎಲೆ ಕೀಳಲು ಏಣಿಯಿಂದ ಇಳಿದ. ಬಗ್ಗಡ ಹೋಗಿತ್ತು. ಗ್ಯಾಸು ಹೋಗಿರಲಿಲ್ಲ. ಎರಡು ಉಸಿರಿಗೆ ಕುಸಿದು ಬಿದ್ದ.

ಕಿರಿಯವನು ಓಡಿಬಂದು ಏಣಿಗೆ ಕಾಲಿಟ್ಟ. ತಾಯಿ ಅವನ ಉಡಿದಾರ ಹಿಡಿದು ನೆಲಕ್ಕೆ ಕೂತಳು.

"ಬಿಡವ್ವಾ! ಅಣ್ಣ ಕಣ್ಣೆದುರಿಗೇ ಬಿದ್ದವ್ನೆ. ನಿಂದೇನು ಹೆತ್ತ ಹೊಟ್ಟೆಯೋ, ಕಲ್ಲೋ?"

"ಮೊದಲು ಕೋಳಿ ಇಳೀಲಿ. ಆಮೇಲೆ ನೀನು."

ಸೇರಿದ ನೆರೆಯವರಲ್ಲಿ ಒಬ್ಬ, "ಮುದುಕಿಗೆ ಯಾವತ್ತೂ ಕಿರಿಮಗನೇ ಹೆಚ್ಚು" ಎಂದ. ಅವಳಿಗೆ ಕೇಳಿಸಿತು. ಹಿಡಿತ ಸಡಿಲಿಸಲಿಲ್ಲ.

ನೆರೆಯವರು ಬುಟ್ಟಿಯಲ್ಲಿ ಕೋಳಿ ಕಟ್ಟಿ ಇಳಿಬಿಟ್ಟರು. ಮೇಲೆ ಎಳೆದಾಗ ಅದರ ಕತ್ತು ಜೋತುಬಿದ್ದಿತ್ತು. ಕಿರಿಯವನು ಕೊಸರಾಡುವುದನ್ನು ನಿಲ್ಲಿಸಿದ.

ಸೊಪ್ಪು ತುಂಬಿದ ಹೊಂಗೆಯ ಕೊಂಬೆಗೆ ಹಗ್ಗ ಕಟ್ಟಿ, ಗುಂಡಿಯೊಳಗೆ ಮೇಲಕ್ಕೂ ಕೆಳಕ್ಕೂ ಆಡಿಸಿದರು. ಒಳಗಿನದು ಹೊರಬರಬೇಕು, ಹೊರಗಿನ ಗಾಳಿ ಒಳಹೋಗಬೇಕು. ತಾಯಿಯೂ ಹಗ್ಗ ಎಳೆದಳು. ಅಂಗೈ ಸುಲಿಯಿತು. ಕೆಳಗೆ ಹಿರಿಮಗನ ಬೆನ್ನು ಕಾಣುತ್ತಿತ್ತು. ಅದು ಅಲುಗಲಿಲ್ಲ. ಮತ್ತೊಂದು ಕೋಳಿ ಇಳಿಬಿಟ್ಟರು. ಅದೂ ಸೋತು ಬಂತು. ಮತ್ತೆ ಕೊಂಬೆ ಆಡಿಸಿದರು. ಮೂರನೆಯದು ಕೂಗುತ್ತಾ ಮೇಲೆ ಬಂತು.

ಆಗ ಅವಳೇ ಕಿರಿಯವನ ಸೊಂಟಕ್ಕೆ ಹಗ್ಗ ಬಿಗಿದಳು. "ಈಗ ಹೋಗು" ಎಂದಳು. ಅವನು ಇಳಿದು ಅಣ್ಣನನ್ನು ಹೆಗಲ ಮೇಲೆ ಹೊತ್ತು ತಂದ.

ಗುರುಗಳು ಅಲ್ಲಿಗೆ ಕತೆ ಮುಗಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: "ಅಣ್ಣ ಬದುಕಿದನೆ?"

ಗುರುಗಳು ಹೇಳಿದರು: "ತಮ್ಮ ಬದುಕಿದ."