ಬಾಣಂತಿ ಕೋಣೆಯ ಗೋಡೆ

"ಗುರುಗಳೇ, ಹೆಮ್ಮೆಯನ್ನು ಕಳೆದುಕೊಳ್ಳುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ. "ನನ್ನ ಪಾಠದಲ್ಲಿ ಯಾರಾದರೂ ತಪ್ಪು ತೋರಿಸಿದರೆ ನನಗೆ ಸಹಿಸಲಾಗುವುದಿಲ್ಲ. ಆದ್ದರಿಂದ ತಲೆದೂಗುವವರ ಎದುರಿಗೆ ಮಾತ್ರ ಪಾಠ ಒಪ್ಪಿಸುತ್ತೇನೆ. ಈ ಹೆಮ್ಮೆ ನನ್ನಿಂದ ಹೋಗಬೇಕು."

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೇಸ್ತ್ರಿ ಇದ್ದ. ಮನೆ ಕಟ್ಟುವುದರಲ್ಲಿ ಅವನದು ದೊಡ್ಡ ಹೆಸರು. ತಾನು ಕಟ್ಟಿದ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ಅವನು ನಿಂತು, ಅದನ್ನು ಕಣ್ತುಂಬ ನೋಡಿ, ಆಮೇಲೆ ಮುಂದೆ ನಡೆಯುತ್ತಿದ್ದ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಹಿಂದಿನ ದಿನ ಇನ್ನೊಬ್ಬ ಮೇಸ್ತ್ರಿ ಬಂದು ಮನೆಯನ್ನು ಪರೀಕ್ಷಿಸಬೇಕು. ಅವನು ತೋರಿಸಿದ ದೋಷವನ್ನು ಕಟ್ಟಿದವನು ಸರಿಪಡಿಸಬೇಕು. ಯಾರನ್ನು ಕರೆಯುವುದು ಎಂಬುದು ಮಾತ್ರ ಕಟ್ಟಿದವನ ಇಷ್ಟ. ಹೀಗಾಗಿ ಎಲ್ಲರೂ ತಮ್ಮ ಗೆಳೆಯರನ್ನೇ ಕರೆಯುತ್ತಿದ್ದರು. ಗೆಳೆಯ ಬರುತ್ತಿದ್ದ, ಒಂದು ಹೆಂಚು ಸಡಿಲವಾಗಿದೆ ಎನ್ನುತ್ತಿದ್ದ, ಪಾಯಸ ಉಂಡು ಹೋಗುತ್ತಿದ್ದ.

ಒಬ್ಬ ವರ್ತಕ ಈ ಮೇಸ್ತ್ರಿಯಿಂದ ಮನೆ ಕಟ್ಟಿಸಿದ. ವರ್ತಕನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಆಷಾಢ ಹತ್ತಿರವಾಗಿತ್ತು. ಅವಳಿಗಾಗಿ ಮೇಸ್ತ್ರಿ ಒಂದು ಬಾಣಂತಿ ಕೋಣೆಯನ್ನು ಕಟ್ಟಿದ್ದ. ಬಾಣಂತಿಗೂ ಕೂಸಿಗೂ ಗಾಳಿ ಸೋಕಬಾರದು ಎಂದು ಮನೆಯ ಹೆಂಗಸರು ಹೇಳಿದ್ದರು. ಅದರಂತೆ ಕೋಣೆಗೆ ಕಿಟಕಿ ಇಟ್ಟಿರಲಿಲ್ಲ. ಬಾಗಿಲು ಹಾಕಿದರೆ ಸಂದಿನಲ್ಲಿ ಒಂದು ಎಳೆ ನೂಲೂ ತೂರುತ್ತಿರಲಿಲ್ಲ. ಒಳಗೋಡೆಯ ಗಾರೆ ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಮನೆಯಲ್ಲಿ ಮೇಸ್ತ್ರಿಗೆ ಎಲ್ಲಕ್ಕಿಂತ ಹೆಚ್ಚು ಹೆಮ್ಮೆ ಇದ್ದದ್ದು ಆ ಕೋಣೆಯ ಮೇಲೆಯೇ. ಗೃಹಪ್ರವೇಶದ ದಿನ ಊರವರ ಎದುರು ಅವನ ಕೈಗೆ ಕಡಗ ತೊಡಿಸುವುದಾಗಿ ವರ್ತಕ ಹೇಳಿದ್ದ.

ಪರೀಕ್ಷೆಗೆ ಮೇಸ್ತ್ರಿ ಹೊಳೆಯಾಚೆಯ ಊರಿನವನೊಬ್ಬನನ್ನು ಕರೆಸಿದ. ಅವನೂ ಮೇಸ್ತ್ರಿಯೇ. ಇವರಿಬ್ಬರಿಗೆ ಎಷ್ಟೋ ವರ್ಷಗಳ ಹಗೆ.

ವರ್ತಕ ಗಾಬರಿಯಾದ. "ಅವನನ್ನೇ ಯಾಕೆ ಕರೆಸಿದೆ? ನಿನ್ನ ಮಾನ ತೆಗೆಯುವುದಕ್ಕೇ ಬರುತ್ತಾನೆ."

"ಬರಲಿ ಶೆಟ್ಟರೇ. ಗೆಳೆಯ ಬಂದರೆ ನನ್ನ ಮುಖ ನೋಡುತ್ತಾನೆ. ಇವನಿಗೆ ನನ್ನ ಮುಖ ಕಂಡರಾಗದು. ಗೋಡೆಯನ್ನೇ ನೋಡುತ್ತಾನೆ."

ಹೊಳೆಯಾಚೆಯವನು ಬೆಳಿಗ್ಗೆಯೇ ಬಂದ. ಅಟ್ಟ ಹತ್ತಿ ಇಳಿದ. "ಕಡೆಯ ಮೆಟ್ಟಿಲು ಉಳಿದವುಗಳಿಗಿಂತ ಎತ್ತರ ಇದೆಯಲ್ಲೋ! ಮನೆಯವರ ಹಲ್ಲು ಉದುರಿಸಲೆಂದೇ ಕಟ್ಟಿದೆಯಾ?" ಎಂದ. ಬಚ್ಚಲಿಗೆ ಹೋಗಿ ಕಲ್ಲಿನ ಮೇಲೆ ಕೈಯಾಡಿಸಿದ. "ಎಷ್ಟು ನುಣುಪು! ಎಣ್ಣೆ ನೀರು ಹಾಕಿಕೊಳ್ಳುವ ದಿನ ಇಲ್ಲಿಂದ ಜಾರಿದವರು ಬೀದಿಯಲ್ಲೇ ನಿಲ್ಲುತ್ತಾರೆ." ನೆರೆದವರು ನಕ್ಕರು. ಮೇಸ್ತ್ರಿಯ ಕಿವಿ ಕೆಂಪಾಯಿತು. ಆದರೂ ಅವನು ಆಳನ್ನು ಕರೆದು, ಮೆಟ್ಟಿಲನ್ನು ತಗ್ಗಿಸಲು, ಕಲ್ಲಿಗೆ ಉಳಿಯಿಂದ ಕಚ್ಚು ಹಾಕಲು ಹೇಳಿದ.

ಕೊನೆಗೆ ಅವರು ಬಾಣಂತಿ ಕೋಣೆಗೆ ಬಂದರು. ಹೊಳೆಯಾಚೆಯವನು ಗೋಡೆಯ ಮೇಲೆ ಕೈಯಾಡಿಸಿದ, ಬಾಗಿಲನ್ನು ಹಾಕಿ ತೆಗೆದು ನೋಡಿದ.

"ಇಲ್ಲಿ ಏನೂ ಸಿಗಲಿಲ್ಲ, ಅಲ್ಲವಾ?" ಎಂದ ಮೇಸ್ತ್ರಿ.

"ಇಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುತ್ತಾರೆ, ಹೌದಾ?"

"ಇಡದೆ? ಬಾಣಂತಿ ಕೋಣೆ ಬೆಚ್ಚಗಿರಬೇಕು."

"ಹಾಗಾದರೆ ಒಂದು ಅಗ್ಗಿಷ್ಟಿಕೆ ತರಿಸು. ಬಾಗಿಲು ಹಾಕಿಕೊಂಡು ನೀನೇ ಕೂತುಕೋ. ನಾನು ಹೊರಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿರುತ್ತೇನೆ."

ಮೇಸ್ತ್ರಿ ಒಳಗೆ ಹೋಗಿ ಕುಳಿತ. ಕೆಂಡ ಚೆನ್ನಾಗಿ ಕಾದಿತ್ತು. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ. ಹಿತವಾದ ಬಿಸಿ ಇತ್ತು. ಇದರಲ್ಲಿ ದೋಷ ಎಲ್ಲಿದೆ ಎಂದುಕೊಂಡ. ಸ್ವಲ್ಪ ಹೊತ್ತಿಗೆ ತಲೆ ಭಾರವಾಯಿತು. ನಿದ್ದೆ ಬರುವಂತಾಯಿತು. ಏಳಲು ನೋಡಿದ, ಕಾಲು ಏಳಲಿಲ್ಲ. ಕೂಗಲು ನೋಡಿದ, ದನಿ ಬರಲಿಲ್ಲ.

ಹೊರಗೆ ಕುಳಿತಿದ್ದವನು ಒಳಗಿನ ಸದ್ದಿಗೆ ಕಿವಿಗೊಟ್ಟಿದ್ದ. ಏನೂ ಕೇಳದಾದಾಗ ಬಾಗಿಲನ್ನು ಒದ್ದು ತೆಗೆದ. ಮೇಸ್ತ್ರಿಯನ್ನು ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದ. ಮೇಸ್ತ್ರಿ ವಾಂತಿ ಮಾಡಿಕೊಂಡ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟ.

"ಕೆಂಡ ಗಾಳಿ ತಿನ್ನುತ್ತದೆ, ವಿಷ ಉಗುಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ನೀನು ಕಲ್ಲು ಹೊರುವ ಗಟ್ಟಿ ಆಳು, ನಿನಗೇ ಹೀಗಾಯಿತು. ಎಳೆ ಕೂಸು ಎಷ್ಟು ಹೊತ್ತು ತಡೆದೀತು?" ಎಂದ ಹೊಳೆಯಾಚೆಯವನು. ಈ ಸಲ ಯಾರೂ ನಗಲಿಲ್ಲ. ವರ್ತಕ ಮಗಳ ಕಡೆ ತಿರುಗಿ ನೋಡಿದ.

ಮೇಸ್ತ್ರಿ ಎದ್ದು ಹಾರೆ ತೆಗೆದುಕೊಂಡ. ಆಳುಗಳಿಗೆ ಕೊಡಲಿಲ್ಲ. ಕನ್ನಡಿಯಂಥ ಆ ಗೋಡೆಗೆ ತಾನೇ ಹೊಡೆದ. ನೆಲದ ಬಳಿ ಒಂದು ಗಂಡಿ ತೆಗೆದ, ಸೂರಿನ ಕೆಳಗೆ ಇನ್ನೊಂದು ತೆಗೆದ. ಮಂಚಕ್ಕೆ ನೇರವಾಗಿ ಗಾಳಿ ಬೀಸದಂತೆ ನೋಡಿಕೊಂಡ. ಆಮೇಲೆ ಅದೇ ಕೋಣೆಯಲ್ಲಿ, ಅದೇ ಕೆಂಡದ ಎದುರು, ಬಾಗಿಲು ಹಾಕಿಕೊಂಡು ಮತ್ತೆ ಕುಳಿತ. ಸಂಜೆ ತನ್ನ ಕಾಲ ಮೇಲೆ ನಡೆದು ಹೊರಗೆ ಬಂದ.

ಹೊಳೆಯಾಚೆಯವನು ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡ. "ಬೇರೆಯವರು ಕಟ್ಟಿದ ಮನೆಯಲ್ಲಿ ತಪ್ಪು ಹೊಸ್ತಿಲಲ್ಲೇ ಸಿಗುತ್ತದೆ. ನಿನ್ನದರಲ್ಲಿ ಇಡೀ ದಿನ ಹುಡುಕಬೇಕಾಯಿತು, ದರಿದ್ರದವನೇ," ಎಂದು ಹೇಳಿ ಹೊರಟುಹೋದ.

ಮರುದಿನ ಗೃಹಪ್ರವೇಶ. ಗಂಡಿಗಳ ಸುತ್ತ ಮೆತ್ತಿದ ಗಾರೆ ಇನ್ನೂ ಹಸಿಯಾಗಿತ್ತು. ಮಾವಿನ ತೋರಣ ಕಟ್ಟಿ ಅದನ್ನು ಮರೆಮಾಡೋಣ ಎಂದ ವರ್ತಕ. ಮೇಸ್ತ್ರಿ ಒಪ್ಪಲಿಲ್ಲ. ಬಂದವರನ್ನೆಲ್ಲ ಕರೆದು ಗಂಡಿಗಳನ್ನು ತೋರಿಸಿದ. ತಾನು ಮಾಡಿದ್ದೇನು, ಅದನ್ನು ಕಂಡುಹಿಡಿದವನು ಯಾರು ಎಂದು ಹೇಳಿದ. ಕೆಲವರು ಅಂದೇ ತಮ್ಮ ಮನೆಗೆ ಹೋಗಿ ಬಾಣಂತಿ ಕೋಣೆಯ ಗೋಡೆ ಒಡೆದರು. ವರ್ತಕ ಕಡಗ ತಂದಾಗ ಮೇಸ್ತ್ರಿ ಹಿಂಜರಿಯಲಿಲ್ಲ. ಅಂಗಿಯ ತೋಳು ಮಡಚಿ, ಎದೆ ಸೆಟೆಸಿ ಕೈ ಚಾಚಿದ.

ಆಷಾಢದ ಥಂಡಿಯಲ್ಲಿ ವರ್ತಕನ ಮಗಳು ಹೆತ್ತಳು. ಕೋಣೆಯಲ್ಲಿ ಕೆಂಡ ಉರಿಯಿತು. ತಾಯಿ ಮಗು ಮಲಗಿದರು. ಬೆಳಗಾದಾಗ ಮಗು ಅಳುವ ಸದ್ದು ಬೀದಿಯವರೆಗೆ ಕೇಳಿಸಿತು.

ಗುರುಗಳು ಕತೆ ನಿಲ್ಲಿಸಿದರು.

"ತಿಳಿಯಿತು ಗುರುಗಳೇ," ಎಂದ ಶಿಷ್ಯ. "ಆ ಮೇಸ್ತ್ರಿ ಹೆಮ್ಮೆಯನ್ನು ಬಿಟ್ಟಿದ್ದ. ಅದಕ್ಕೇ ಹಗೆಯನ್ನು ಕರೆಯಲು ಅವನಿಂದ ಆಯಿತು."

"ಬಿಟ್ಟಿರಲಿಲ್ಲ ಮಗು. ತಾನು ಕಟ್ಟಿದ ಮನೆಯಲ್ಲಿ ಒಂದು ದೋಷವೂ ಉಳಿಯಬಾರದು ಎಂಬಷ್ಟು ಹೆಮ್ಮೆ ಅವನಿಗಿತ್ತು. ನಿನಗೇ ಹೆಮ್ಮೆ ಸಾಲದು," ಎಂದರು ಗುರುಗಳು.