ಮರಳಿಗೆ ಮುತ್ತಿದ ಇರುವೆ

ಹೊಳೆ ದಂಡೆಯ ಮೇಲೆ ವೈದ್ಯೆ ಚಂದವ್ವನ ಆಶ್ರಮ. ಅಲ್ಲಿ ಗಿಡಮೂಲಿಕೆ ಕಲಿತವರಿಗೆ ಹೊರಡುವ ಮುಂಚೆ ಒಂದು ಕಟ್ಟಳೆಯಿತ್ತು: ಒಬ್ಬ ರೋಗಿಯನ್ನು ತಾವೇ ನೋಡಿಕೊಳ್ಳಬೇಕು. ಅವನು ಗುಣವಾದರೆ, ಊರೂರು ತಿರುಗಿ ಮದ್ದು ಕೊಡಲು ಅಪ್ಪಣೆ.

ಶಿಷ್ಯ ರೇವಣನ ಪಾಲಿಗೆ ಬಂದವನು ಅಂಬಿಗ ಯಂಕಪ್ಪ. ಸಿಹಿಮೂತ್ರದ ಕಾಯಿಲೆ, ಕಾಲಿನ ಗಾಯ ಮಾಯುತ್ತಿರಲಿಲ್ಲ. ರೇವಣ ಅವನಿಗೆ ದಿನವೂ ಮಧುನಾಶಿನಿ ಎಲೆ ಅಗಿಯಲು ಕೊಟ್ಟ.

ಒಂದು ಬೆಳಿಗ್ಗೆ ರೇವಣ ಜೋಳಿಗೆಯನ್ನು ಹೆಗಲಿಗೇರಿಸಿಕೊಂಡೇ ಬಂದ. ಹಿಂದೆ ಕುಂಟುತ್ತ ಯಂಕಪ್ಪ.

"ಅವ್ವಾ, ಇವನು ಗುಣವಾದ. ನಾನು ಹೊರಡಲೇ?"

"ಹೇಗೆ ತಿಳಿಯಿತು?"

"ಸಿಹಿ ಇವನ ಹತ್ತಿರ ಸುಳಿಯುವುದಿಲ್ಲ. ನೀನೇ ಹೇಳಪ್ಪಾ, ಯಂಕಪ್ಪ."

"ಖರೇ ಅವ್ವಾ. ಮೊನ್ನೆ ತಂಗಿ ಮಗಳ ಮದುವೆ. ಎಲೆ ಅಗಿದು ಪಂಕ್ತಿಗೆ ಕೂತೆ. ಹೋಳಿಗೆ ಬಾಯಿಗಿಟ್ಟರೆ ಮಣ್ಣು ತಿಂದಂಗಾಯ್ತು."

"ಹಾಗಾದರೆ ಬಿಟ್ಟೆಯಾ?"

"ಯಾಕೆ ಬಿಡಲಿ? ರುಚಿಯೇ ಇಲ್ಲದ್ದು ಒಳಗೆ ಹೋಗಿ ಏನು ಮಾಡೀತು ಅಂದಿದ್ದರು ಈ ಸ್ವಾಮಿಗಳು. ಇನ್ನೊಂದರಲ್ಲಾದರೂ ರುಚಿ ಇದ್ದೀತು ಅಂತ ಬಡಿಸಿದ್ದೆಲ್ಲ ತಿಂದೆ."

ಚಂದವ್ವ ಬಗ್ಗಿ ಅವನ ಕಾಲಿನ ಬಟ್ಟೆ ಬಿಚ್ಚಿದಳು. ಗಾಯ ಇನ್ನೂ ಹಸಿಯಾಗಿತ್ತು. ಮತ್ತೆ ಕಟ್ಟಿದಳು.

ಬೇಲಿಯ ಮಧುನಾಶಿನಿ ಬಳ್ಳಿಯಿಂದ ಎಲೆ ಕಿತ್ತು ರೇವಣನ ಕೈಗಿಟ್ಟಳು.

"ಅಗಿ."

ಅಗಿದ. ಬೆಲ್ಲದ ಅಚ್ಚು ಕೊಟ್ಟಳು. ಕಚ್ಚಿದ.

"ಹೇಗಿದೆ?"

"ಮರಳು."

"ಉಳಿದ ಮರಳನ್ನು ಆ ಕಲ್ಲಿನ ಮೇಲಿಡು."

ಇಟ್ಟ. ಮೂವರೂ ಕಾಯುತ್ತ ಕೂತರು. ಹೊಳೆಯಲ್ಲಿ ಹೋಗುತ್ತಿದ್ದ ದೋಣಿ ಆಚೆ ದಡ ಮುಟ್ಟುವಷ್ಟರಲ್ಲಿ ಕಲ್ಲಿನ ಮೇಲೆ ಇರುವೆ ಸಾಲುಗಟ್ಟಿತ್ತು.

"ಮರಳಿಗೆ ಇರುವೆ ಮುತ್ತಿದ್ದು ನಾನಂತೂ ಕಂಡಿಲ್ಲ," ಅಂದ ಯಂಕಪ್ಪ. ಆಮೇಲೆ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ.

ರೇವಣ ಜೋಳಿಗೆ ಕೆಳಗಿಟ್ಟ.

"ಎಲೆ ಸುಳ್ಳೇ, ಅವ್ವಾ?"

"ಎಲೆ ತನ್ನ ಕೆಲಸ ಮಾಡಿದೆ. ಅದರ ಹೆಸರಲ್ಲಿ ಹೋಳಿಗೆ ಬಡಿಸಿದವನು ನೀನು."

ರೇವಣ ಇರುವೆ ಸಾಲಿನಿಂದ ಕಣ್ಣು ಕಿತ್ತು ಕೇಳಿದ.

"ಹಾಗಾದರೆ ನನಗೆ ಅಪ್ಪಣೆ ಯಾವಾಗ?"

"ನನ್ನನ್ನೇಕೆ ಕೇಳುತ್ತೀ? ಇವನ ಕಾಲನ್ನು ಕೇಳು. ಅದು ಎಲೆ ಅಗಿದಿಲ್ಲ."