ರೊಟ್ಟಿ ಪಾಠದ ಒಡೆಯ

“ಈ ರಾಜ್ಯದಲ್ಲಿ ಲೆಕ್ಕದ ಪಾಠ ಕಟ್ಟಬಲ್ಲವನು ನಾನೊಬ್ಬನೇ!” ಎಂದು ಆಸ್ಥಾನದ ಗುರು ಶ್ರೀಕರ ಪಂಡಿತ ಎದೆ ತಟ್ಟಿಕೊಂಡ. “ಯುವರಾಜರಿಗೆ ಹೇಳಿಕೊಡುವ ರೊಟ್ಟಿ ಪಾಠ ನನ್ನ ಸ್ವಂತದ್ದು. ಅದನ್ನು ಊರಾಚೆಯ ಮಂಟಪದಲ್ಲಿ ನಾಗಿಯಬ್ಬೆ ಎಂಬವಳು ಕದ್ದು ಕಲಿಸುತ್ತಿದ್ದಾಳೆ. ಅವಳನ್ನು ಗಡಿಪಾರು ಮಾಡಬೇಕು, ಪ್ರಭು.”

ನಡೆದದ್ದೇ ಬೇರೆ. ನಾಗಿಯಬ್ಬೆ ಮಂಟಪದ ಗೋಡೆಯ ಮೇಲೆ ರೊಟ್ಟಿಯ ಚಿತ್ರ ಬರೆದು ಮಕ್ಕಳಿಗೆ ಅರ್ಧ, ಕಾಲು, ಮುಕ್ಕಾಲು ಕಲಿಸುತ್ತಿದ್ದಳು. ದಾರಿಯಲ್ಲಿ ಹೋಗುವ ಮೇಷ್ಟರಿಗೆಲ್ಲ, “ಬರೆದುಕೊಂಡು ಹೋಗಿ, ನಿಮ್ಮೂರ ಮಕ್ಕಳಿಗೂ ಕಲಿಸಿ. ಕೆಳಗೆ ನನ್ನ ಹೆಸರೊಂದಿರಲಿ” ಎನ್ನುತ್ತಿದ್ದಳು. ಪಂಡಿತ ಪಾಠವನ್ನು ಬರೆದುಕೊಂಡ, ಕೆಳಗೆ ತನ್ನ ಹೆಸರು ಹಾಕಿಕೊಂಡ. ಆಮೇಲೆ ಮಂಟಪದ ಗೋಡೆಗೆ ಸುಣ್ಣ ಬಳಿಸಿದ.

ರಾಜ ಮಾರಭೂಪ ಅವಳನ್ನು ಕರೆಸಿದ. “ಪಾಠ ನಿನ್ನದೆನ್ನಲು ಸಾಕ್ಷಿ ಏನಿದೆ, ತಾಯಿ?”

“ಗೋಡೆಯಿತ್ತು. ಈಗ ಸುಣ್ಣವಿದೆ, ಪ್ರಭು.”

ಪಂಡಿತ ಮೀಸೆಯೊಳಗೇ ನಕ್ಕ. ಅಷ್ಟರಲ್ಲಿ ಆಸ್ಥಾನದ ವಿದೂಷಕ ಕೊಮ್ಮಣ್ಣ ಎದ್ದ. ರಾಜನನ್ನು ನಗಿಸುವುದು, ಬೇಕಾದಾಗ ಚುಚ್ಚುವುದು ಅವನ ಕೆಲಸ.

“ಪಾಠ ಯಾರದಾದರೂ ಇರಲಿ ಪ್ರಭು, ಕಟ್ಟಿದವರನ್ನು ಕತ್ತೆ ಮೇಲೆ ಮೆರವಣಿಗೆ ಮಾಡಿಸಿ!” ಎಂದು ತಲೆ ಚಚ್ಚಿಕೊಂಡ. “ಅರ್ಧ ರೊಟ್ಟಿಗೆ ಕಾಲು ರೊಟ್ಟಿ ಸೇರಿದರೆ ಮುಕ್ಕಾಲಂತೆ! ಯುವರಾಜರು ಇದನ್ನು ನಂಬಿ ಕೂತರೆ ರಾಜ್ಯದ ಗತಿಯೇನು?”

ಪಂಡಿತನ ಮುಖ ಬಿಳುಚಿತು. “ಅಯ್ಯೋ, ಅದು ನನ್ನದಲ್ಲ! ಗೋಡೆಯ ಮೇಲೆ ಹಾಗೇ ಇತ್ತು. ನಾನು ಇದ್ದದ್ದನ್ನು ಇದ್ದಂತೆ ಇಳಿಸಿಕೊಂಡೆ ಅಷ್ಟೆ. ಕತ್ತೆ ಹತ್ತಿಸುವುದಾದರೆ ಇವಳನ್ನು ಹತ್ತಿಸಿ!”

“ಹತ್ತಿಸಿ,” ಎಂದಳು ನಾಗಿಯಬ್ಬೆ. “ಕತ್ತೆ ಮೇಲೆ ಕೂತರೂ ಹೇಳುತ್ತೇನೆ, ಅದು ಮುಕ್ಕಾಲೇ. ಪಾಠ ನನ್ನದೇ.”

ರಾಜ ಬೆರಳು ಮಡಚಿ ನೋಡಿದ. “ಕೊಮ್ಮಣ್ಣ, ಮುಕ್ಕಾಲೇ ತಾನೆ? ತಪ್ಪೆಲ್ಲಿದೆಯೋ?”

“ಕೆಳಗಿರುವ ಹೆಸರಿನಲ್ಲಿ, ಪ್ರಭು.”

ಸಭೆ ಗೊಳ್ಳೆಂದಿತು. ಪಂಡಿತ ತೊದಲಿದ: “ಯಾರು ಬೇಕಾದರೂ ಬರೆದುಕೊಳ್ಳಿ ಅಂದವಳು ಇವಳೇ!”

“ಕಲಿಸುವುದಕ್ಕೆ ಅಂದೆ ಪಂಡಿತರೇ, ನನ್ನನ್ನೇ ಊರು ಬಿಡಿಸುವುದಕ್ಕಲ್ಲ.”

ರಾಜ ನಗುತ್ತ ಗುರುಪೀಠವನ್ನು ನಾಗಿಯಬ್ಬೆಗೆ ಕೊಟ್ಟ. ಪಂಡಿತ ಕಾಲಿಗೆ ಬಿದ್ದ. “ನನಗೂ ಸ್ವಂತ ಪಾಠ ಕಟ್ಟಲು ಬರುತ್ತದೆ, ಪ್ರಭು. ಒಂದು ಅವಕಾಶ ಕೊಡಿ!”

“ಹಾಗಾದರೆ ಈಗಲೇ ಒಂದು ಹೇಳಿ,” ಎಂದ ರಾಜ.

ಪಂಡಿತ ಗಂಟಲು ಸರಿಮಾಡಿಕೊಂಡ. ಸೂರು ನೋಡಿದ, ಕಂಬ ನೋಡಿದ. ತುಟಿ ಅಲುಗಿತು, ಮಾತು ಹೊರಡಲಿಲ್ಲ.

ಕೊಮ್ಮಣ್ಣ ಸಭೆಯತ್ತ ಕೈಯೆತ್ತಿದ. “ಯಾರೂ ಸದ್ದು ಮಾಡಬೇಡಿ. ಪಂಡಿತರ ಸ್ವಂತ ಪಾಠ ನಡೆಯುತ್ತಿದೆ!”